ಮಂಡ್ಯ ಸೀಮೆಯ ಬೆಲ್ಲಸಕ್ಕರೆಗಳೂ ವಿಕಲ್ಪವಿಚಾರವೂ

1. ವಿಷಯಪ್ರವೇಶ

ಕಬ್ಬಿನ ರಸವು ಒಂದೇ. ಅದರಿಂದ ಹುಟ್ಟುವ ಪದಾರ್ಥಗಳು ಹಲವು. ಈ ಹಲವುಗಳಲ್ಲಿ ಕೊಳ್ಳುವವನು ಯಾವುದನ್ನು ಆರಿಸುವನು, ಏತಕ್ಕಾಗಿ ಆರಿಸುವನು, ಒಂದರ ಬೆಲೆಯೇರಿದರೆ ಮತ್ತಾವುದಕ್ಕೆ ತಿರುಗುವನು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ವರ್ತಕರಿಗೆ ಮಾತ್ರ ಸೇರಿದುವೆಂದು ತೋರಬಹುದು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರಗಳ ಸೀಮೆಯ ಚರಿತ್ರೆಯನ್ನು ಬರೆಯಹೊರಟವನು ಇವನ್ನು ಬಿಟ್ಟು ಮುಂದೆ ಹೋಗಲಾರನು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ಯಂತ್ರದ ಬಿಳಿಯ ಸಕ್ಕರೆ ಬಂದ ಮೇಲೆ ಆಲೆಮನೆಗಳ ಬೆಲ್ಲವು ತಾನಾಗಿಯೇ ಅಳಿದುಹೋಗಬೇಕಾಗಿತ್ತಲ್ಲವೆ? ಅಳಿಯಲಿಲ್ಲ. ಸುಮಾರು ತೊಂಬತ್ತು ವರ್ಷಗಳು ಕಳೆದ ಮೇಲೆ ಕೇಂದ್ರ ಸರ್ಕಾರವು ಜಿಲ್ಲೆಗೊಂದು ಪದಾರ್ಥವನ್ನು ಗೊತ್ತುಮಾಡಿದಾಗ ಮಂಡ್ಯದ ಪಾಲಿಗೆ ಬಂದುದು ಸಕ್ಕರೆಯಲ್ಲ, ಬೆಲ್ಲ. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಅರ್ಥಶಾಸ್ತ್ರಜ್ಞರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆಯಿಸಿದ ಒಂದು ಗಣಿತವು ಬಹಳ ನೆರವಾಗುವುದು. ಒಂದೇ ಜಾತಿಗೆ ಸೇರಿ ಗುಣಗಳಲ್ಲಿ ಭಿನ್ನವಾದ ಸರಕುಗಳ ನಡುವೆ ಜನರು ಮಾಡುವ ಆಯ್ಕೆಯಿಂದ ಬೇಡಿಕೆಯನ್ನು ಅಳೆಯುವ ಕ್ರಮವದು. ಇದನ್ನು ನಾನು ವಿಕಲ್ಪಗಣನೆಯೆಂದು ಕರೆಯುವೆನು. ಹಾಗೆ ಕರೆಯುವುದಕ್ಕೆ ಕಾರಣವನ್ನು ಮುಂದೆ ಹೇಳಲಾಗುವುದು.

2. ಹಳೆಯ ಪಂಕ್ತಿ

ಸಿಹಿಪದಾರ್ಥಗಳನ್ನು ಗುಣಕ್ರಮದಲ್ಲಿ ಸಾಲಾಗಿ ನಿಲ್ಲಿಸುವ ಪದ್ಧತಿಯು ನಮ್ಮಲ್ಲಿ ಹೊಸದಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತು 1909ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರಾಧ್ಯಕ್ಷನ ಪ್ರಕರಣದೊಳಗೆ, ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂಬ ಐದನ್ನು ಒಂದು ವರ್ಗವಾಗಿ ಹೇಳಿದೆ. ಕಾಸಿದ ದ್ರವದಿಂದ ತೊಡಗಿ ಹರಳಿನವರೆಗೆ ಈ ಸಾಲು ನಡೆಯುವುದು. ಚರಕ ಸುಶ್ರುತರು ಇದೇ ಸಾಲನ್ನು ವೈದ್ಯದೃಷ್ಟಿಯಿಂದ ನೋಡಿ, ಮಲವು ಕಳೆದಷ್ಟೂ ಶೈತ್ಯಾದಿ ಗುಣಗಳು ಹೆಚ್ಚುವುವೆಂದು ಅಭಿಪ್ರಾಯಪಟ್ಟಿರುವರು. ಹೊಸ ಬೆಲ್ಲಕ್ಕಿಂತ ಹಳೆಯ ಬೆಲ್ಲವು ಪಥ್ಯಕ್ಕೆ ಮೇಲೆಂದು ಸುಶ್ರುತನ ಮತ.

ಇಲ್ಲಿ ಗಮನಿಸಬೇಕಾದುದು ಎರಡು ಸಂಗತಿಗಳು. ಮೊದಲನೆಯದು, ಶಾಸ್ತ್ರಕಾರರು ವರ್ಗವನ್ನು ಒಂದೆಂದು ಹೇಳಿಯೂ ಅದರೊಳಗಿನ ಭೇದಗಳನ್ನು ಅಳಿಸಿಹಾಕಲಿಲ್ಲ. ಎರಡನೆಯದು, ಆ ಭೇದಗಳನ್ನು ಗುಣಗಳಿಂದ ಹೇಳಿದರು: ಬಿಳುಪು, ಗಟ್ಟಿತನ, ಶೈತ್ಯ, ವಯಸ್ಸು. ದ್ರವ್ಯವು ಗುಣಗಳ ಆಶ್ರಯವೆಂದು ಬಗೆದ ವೈಶೇಷಿಕರ ನಾಡಿನಲ್ಲಿ ಇದು ಸಹಜವೇ ಸರಿ. ಕೊಳ್ಳುವವನು ನಿಜವಾಗಿ ಬಯಸುವುದು ಸರಕನ್ನಲ್ಲ, ಅದರಲ್ಲಿರುವ ಗುಣಗಳನ್ನು ಎಂದು ಪಾಶ್ಚಾತ್ಯ ಅರ್ಥಶಾಸ್ತ್ರದಲ್ಲಿ ಕೆಲ್ವಿನ್ ಲ್ಯಾಂಕಾಸ್ಟರನು ವ್ಯವಸ್ಥಿತವಾಗಿ ಪ್ರತಿಪಾದಿಸಿದುದು 1966ರಲ್ಲಿ.

ಕನ್ನಡದ ಹೆಸರುಗಳೂ ಸಾಕ್ಷಿಯಾಗಿವೆ. ಸಕ್ಕರೆಯು ಶರ್ಕರೆಯ ತದ್ಭವ. ಬೆಲ್ಲವು ತಮಿಳಿನ ವೆಲ್ಲದೊಡನೆ ಸೇರಿದ ದೇಶ್ಯಶಬ್ದ. ಒಂದು ಹೆಸರು ಹೊರಗಿನಿಂದ ಬಂದಿತು, ಮತ್ತೊಂದು ಮನೆಯದು. ಬಂದ ಹೆಸರು ಮನೆಯ ಹೆಸರನ್ನು ನೂಕಿಹಾಕಲಿಲ್ಲ. ಪದಾರ್ಥಗಳ ಕಥೆಯೂ ಹಾಗೆಯೇ ಆಯಿತು.

3. ಬುಕಾನನನಿಂದ ಪಾಲಹಳ್ಳಿಯವರೆಗೆ

ಟಿಪ್ಪುವಿನ ಪತನದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನನು ಶ್ರೀರಂಗಪಟ್ಟಣದ ಸುತ್ತಣ ಬೇಸಾಯವನ್ನು ನೋಡಿ ಬರೆದಿಟ್ಟ ವಿವರಗಳು 1807ರಲ್ಲಿ ಅಚ್ಚಾದುವು. ಅವನು ಕಬ್ಬಿನ ಜಾತಿಗಳನ್ನು ಬೇರೆಬೇರೆಯಾಗಿ ಹೆಸರಿಸಿರುವನು. ಅವುಗಳಲ್ಲಿ ಮುಖ್ಯವಾದುವು ರಸದಾಳಿ ಮತ್ತು ಪಟ್ಟಾಪಟ್ಟಿ. ರಸದಾಳಿಯು ನಾಡಿನದು, ಪಟ್ಟಾಪಟ್ಟಿಯು ಹೈದರನ ಕಾಲದಲ್ಲಿ ಆರ್ಕಾಡಿನ ಕಡೆಯಿಂದ ಬಂದುದು. ಸಕ್ಕರೆಯನ್ನು ತೆಗೆಯಲು ಯೋಗ್ಯವಾದುದೂ ಒಳ್ಳೆಯ ಬೆಲ್ಲವನ್ನು ಕೊಡುವುದೂ ಪಟ್ಟಾಪಟ್ಟಿಯೇ ಎಂದು ಅವನು ತಿಳಿಸುವನು. ಚಿಕ್ಕಬಳ್ಳಾಪುರದ ಸಕ್ಕರೆ ಕಲ್ಲುಸಕ್ಕರೆಗಳನ್ನೂ ಅವನು ಮೆಚ್ಚಿರುವನು. ಆದುದರಿಂದ ಹತ್ತೊಂಬತ್ತನೆಯ ಶತಮಾನವು ಕಾಲಿಡುವಾಗಲೇ ಈ ಸೀಮೆಯ ಸಿಹಿಯ ಅಂಗಡಿಯಲ್ಲಿ ಒಂದಕ್ಕಿಂತ ಹೆಚ್ಚು ಪದಾರ್ಥಗಳಿದ್ದುವೆಂಬುದು ನಿರ್ವಿವಾದ.

1847ರಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ಗ್ರೋವ್ಸ್ ಕಂಪೆನಿಯವರು ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿದರು. ಈ ಕಾರ್ಖಾನೆಯು ಕಬ್ಬನ್ನು ಅರೆಯುತ್ತಿರಲಿಲ್ಲ. ರೈತರು ಕಾಸಿದ ಬೆಲ್ಲವನ್ನು ಕೊಂಡು ಅದನ್ನು ಶುದ್ಧಿಮಾಡಿ ಸಕ್ಕರೆಯನ್ನಾಗಿಸುತ್ತಿತ್ತು. ಇದರ ಸಕ್ಕರೆಗೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕವು ದೊರೆಯಿತು. ಆ ಕಾಲದಲ್ಲಿ ಬೆಲ್ಲವು ಒಬ್ಬ ಕೊಳ್ಳುವವನಿಗೆ ಆಹಾರವಾಗಿಯೂ ಮತ್ತೊಬ್ಬನಿಗೆ ಕಚ್ಚಾಪದಾರ್ಥವಾಗಿಯೂ ಇದ್ದಿತೆಂಬುದನ್ನು ಇಲ್ಲಿ ನೆನಪಿಡಬೇಕು. ಮನೆಯವರು ರುಚಿಯನ್ನು ನೋಡಿದರೆ ಕಾರ್ಖಾನೆಯವರು ಹರಳಾಗುವ ಅಂಶವನ್ನು ನೋಡುತ್ತಿದ್ದರು. ಒಂದೇ ವಸ್ತುವಿನ ಬೇರೆಬೇರೆ ಗುಣಗಳಿಗೆ ಬೇರೆಬೇರೆ ಬೆಲೆ ಕಟ್ಟುವ ಇಬ್ಬರು ಗಿರಾಕಿಗಳು ಒಂದೇ ಸಂತೆಯಲ್ಲಿದ್ದರು.

4. ಕಾಲುವೆಯೂ ಕಾರ್ಖಾನೆಯೂ

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು 1932ರ ಹೊತ್ತಿಗೆ ಮುಗಿಯಿತು. ಅದರ ನೀರು ಇರ್ವಿನ್ ನಾಲೆಯಲ್ಲಿ, ಎಂದರೆ ಈಗ ವಿಶ್ವೇಶ್ವರಯ್ಯ ನಾಲೆಯೆಂದು ಕರೆಯಲ್ಪಡುವ ಕಾಲುವೆಯಲ್ಲಿ, ಹುಲಿಕೆರೆಯ ಸುರಂಗವನ್ನು ದಾಟಿ ಮಂಡ್ಯ ಮದ್ದೂರುಗಳ ಕಡೆಗೆ ಹರಿಯಿತು. ರಾಗಿ ಜೋಳಗಳ ಹೊಲಗಳು ಕಬ್ಬಿನ ಗದ್ದೆಗಳಾದುವು. ಅದೇ 1932ರಲ್ಲಿ ಭಾರತ ಸರ್ಕಾರವು ಸಕ್ಕರೆಯ ಕೈಗಾರಿಕೆಗೆ ಸುಂಕದ ರಕ್ಷಣೆಯನ್ನು ಕೊಡುವ ಶಾಸನವನ್ನು ಮಾಡಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಪ್ರಯತ್ನವೂ ಸೇರಿ ಮರುವರ್ಷ ಮಂಡ್ಯದ ಕಾರ್ಖಾನೆಯು ಹುಟ್ಟಿತು. 1939ರಲ್ಲಿ ಮಂಡ್ಯವು ಬೇರೆ ಜಿಲ್ಲೆಯಾಯಿತು.

ಅಂದಿನ ಎಣಿಕೆಯು ಸರಳವಾಗಿತ್ತು. ಸಕ್ಕರೆಯು ಶುದ್ಧ, ಬೆಲ್ಲವು ಅಶುದ್ಧ; ಜನರು ಬಡತನದಿಂದ ಬೆಲ್ಲವನ್ನು ತಿನ್ನುವರು; ಕೈಯಲ್ಲಿ ಹಣ ಬಂದರೆ ಸಕ್ಕರೆಗೆ ತಿರುಗುವರು ಎಂಬುದೇ ಅದು. ಇದನ್ನು ಪೂರ್ವಪಕ್ಷವೆಂದು ಇಟ್ಟುಕೊಳ್ಳೋಣ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಕಾಫಿಯ ಬಳಕೆಯೊಡನೆ ಸಕ್ಕರೆಯ ಬಳಕೆಯು ಹಳ್ಳಿಗಳಿಗೂ ಹಬ್ಬಿತು. ಆದರೆ ಯುಗಾದಿಯ ಬೇವಿನೊಡನೆ ಸಕ್ಕರೆಯನ್ನಿಟ್ಟವರನ್ನು ನಾವು ಕಾಣೆವು. ಸಂಕ್ರಾಂತಿಯ ತಟ್ಟೆಯಲ್ಲಿ ಎಳ್ಳಿನೊಡನೆ ಬೆಲ್ಲದ ಚೂರುಗಳೂ ಇರುವುವು, ಪಕ್ಕದಲ್ಲಿ ಸಕ್ಕರೆಯ ಅಚ್ಚುಗಳೂ ಇರುವುವು. ಅನುಕೂಲಸ್ಥರ ಮನೆಯಲ್ಲಿಯೂ ಒಬ್ಬಟ್ಟಿನ ಹೂರಣಕ್ಕೆ ಬೆಲ್ಲವೇ ಬೇಕು. ಹಣದ ಏರಿಳಿತವೊಂದರಿಂದಲೇ ಇದನ್ನು ವಿವರಿಸುವುದು ಹೇಗೆ?

ಬೆಲ್ಲದೊಳಗೂ ಭೇದಗಳುಂಟು. ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು ಬೆಲ್ಲ, ಉಂಡೆ ಬೆಲ್ಲ, ಕುರಿಕಟ್ಟು ಬೆಲ್ಲ, ಬಕೆಟ್ ಬೆಲ್ಲ, ಬಾಕ್ಸ್ ಬೆಲ್ಲ ಎಂದು ಹೆಸರುಗಳಿವೆ, ಬೆಲೆಗಳೂ ಬೇರೆಬೇರೆ. ಬಣ್ಣವು ಕಂದಿನಿಂದ ಹೊಂಬಣ್ಣದವರೆಗೆ ಇರುವುದು. ಕೊಪ್ಪರಿಗೆಯಲ್ಲಿ ರಸವನ್ನು ಕಾಸುವಾಗ ಸುಣ್ಣವನ್ನೂ ಬೆಂಡೆಗಿಡದ ಲೋಳೆಯನ್ನೂ ಹಾಕಿ ಕಲ್ಮಷವನ್ನು ತೆಗೆಯುವುದು ಹಳೆಯ ಕ್ರಮ. ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕಿ ಬಣ್ಣವನ್ನು ಬಿಳಿಚಿಸುವುದು ಹೊಸ ಕ್ರಮ. ಇಷ್ಟೆಲ್ಲವನ್ನೂ ಬೆಲ್ಲವೆಂಬ ಒಂದೇ ಶಬ್ದದಲ್ಲಿ ಕಟ್ಟಿಹಾಕಿ ಲೆಕ್ಕವಿಟ್ಟರೆ ಕೊಳ್ಳುವವನ ಮನಸ್ಸು ತಿಳಿಯದು.

5. ವಿಕಲ್ಪಗಣನೆಯ ಸ್ವರೂಪ

ಮೀಮಾಂಸಕರು ವಿಕಲ್ಪ ಸಮುಚ್ಚಯಗಳ ಭೇದವನ್ನು ಹೇಳುವಾಗ ವ್ರೀಹಿಯವಗಳ ದೃಷ್ಟಾಂತವನ್ನು ಕೊಡುವರು. ಯಾಗದ ಪುರೋಡಾಶಕ್ಕೆ ಅಕ್ಕಿಯೂ ಆಗಬಹುದು, ಜವೆಯೂ ಆಗಬಹುದು. ಎರಡರ ಪ್ರಯೋಜನವೂ ಒಂದೇ ಆದುದರಿಂದ ಒಂದನ್ನು ಹಿಡಿದವನಿಗೆ ಮತ್ತೊಂದು ಬೇಡ. ಇದು ವಿಕಲ್ಪ. ಎರಡೂ ಕೂಡಿಯೇ ಬೇಕಾದರೆ ಅದು ಸಮುಚ್ಚಯ. ಸಿಹಿಯನ್ನು ಕೊಳ್ಳುವ ಗೃಹಸ್ಥನೂ ಅಂಗಡಿಯಲ್ಲಿ ನಿಂತಾಗ ಅರ್ಧಪಾಲು ಅಚ್ಚು, ಕಾಲುಪಾಲು ಬಕೆಟ್ಟು ಎಂದು ಅಳೆದು ಬೆರೆಸುವುದಿಲ್ಲ. ಒಂದನ್ನು ಹಿಡಿದು ಉಳಿದುವನ್ನು ಬಿಡುವನು.

ಮನೆಯಲ್ಲಿ ಬೆಲ್ಲವೂ ಇರುವುದು, ಸಕ್ಕರೆಯೂ ಇರುವುದು, ಇದು ಸಮುಚ್ಚಯವಲ್ಲವೆ ಎಂದು ಕೇಳಬಹುದು. ಅಲ್ಲ. ಕಾಫಿಗೆ ಒಂದು ಪ್ರಯೋಗ, ಪಾಯಸಕ್ಕೆ ಒಂದು ಪ್ರಯೋಗ. ಪ್ರತಿಯೊಂದು ಪ್ರಯೋಗದಲ್ಲಿಯೂ ವಿಕಲ್ಪವೇ.

ಈ ವಿಕಲ್ಪವನ್ನು ಗಣಿತಕ್ಕೆ ತಂದವರಲ್ಲಿ 1927ರಲ್ಲಿ ಬರೆದ ಮನಶ್ಶಾಸ್ತ್ರಜ್ಞ ಥರ್‍ಸ್ಟನ್ನನು ಮೊದಲಿಗನು. ಅದನ್ನು 1974ರಲ್ಲಿ ಅರ್ಥಶಾಸ್ತ್ರದಲ್ಲಿ ನೆಲೆಗೊಳಿಸಿದವನು ಅಮೆರಿಕದ ಡೇನಿಯಲ್ ಮೆಕ್‌ಫ್ಯಾಡನ್ನನು. ಆತನ ಯುಕ್ತಿಯ ಸಾರವಿಷ್ಟೆ: ಪ್ರತಿಯೊಂದು ವಿಕಲ್ಪದಿಂದ ಕೊಳ್ಳುವವನಿಗೆ ಇಷ್ಟಿಷ್ಟು ತೃಪ್ತಿಯುಂಟು. ಅದರಲ್ಲಿ ಒಂದಂಶವು ನೋಡುವವನಿಗೆ ಕಾಣುವುದು: ಬೆಲೆ, ಬಣ್ಣ, ಆಕಾರ, ಗಟ್ಟಿತನ. ಮತ್ತೊಂದಂಶವು ಕೊಳ್ಳುವವನಿಗೆ ಮಾತ್ರ ಗೊತ್ತು. ಹೆಚ್ಚು ತೃಪ್ತಿಯುಳ್ಳುದನ್ನು ಅವನು ಹಿಡಿಯುವನು. ಕಾಣದ ಅಂಶವಿರುವುದರಿಂದ ಇಂಥವನು ಇಂಥದನ್ನೇ ಕೊಳ್ಳುವನೆಂದು ನಾವು ಹೇಳಲಾರೆವು. ನೂರು ಮಂದಿಯಲ್ಲಿ ಇಷ್ಟು ಮಂದಿ ಕೊಳ್ಳುವರೆಂದು ಹೇಳಬಲ್ಲೆವು. ಸ್ಯಾನ್‌ಫ್ರಾನ್ಸಿಸ್ಕೋ ಸೀಮೆಯಲ್ಲಿ ಹೊಸ ರೈಲು ಬರುವ ಮುನ್ನ ಎಷ್ಟು ಮಂದಿ ಅದನ್ನು ಹತ್ತುವರೆಂದು ಈ ಕ್ರಮದಿಂದ ಎಣಿಸಿದಾಗ ಮೆಕ್‌ಫ್ಯಾಡನ್ನನಿಗೆ ಬಂದ ಉತ್ತರ ನೂರಕ್ಕೆ 6.3, ಅಧಿಕಾರಿಗಳ ಎಣಿಕೆ 15, ರೈಲು ಓಡಿದ ಮೇಲೆ ಕಂಡುದು 6.2. ಆತನಿಗೆ 2000ದಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇದರಿಂದಾಗುವ ಲಾಘವವನ್ನು ನೋಡಬೇಕು. ನಾಲ್ಕು ಆಕಾರ, ಮೂರು ಬಣ್ಣ, ರಾಸಾಯನಿಕವುಳ್ಳುದು ಇಲ್ಲದುದು ಎಂಬ ಎರಡು ಬಗೆ, ಇವನ್ನು ಗುಣಿಸಿದರೆ 24 ಜಾತಿಯ ಬೆಲ್ಲವಾಯಿತು. ಒಂದೊಂದರ ಬೆಲೆಯು ತನ್ನ ಮಾರಾಟವನ್ನೂ ಉಳಿದ ಒಂದೊಂದರ ಮಾರಾಟವನ್ನೂ ಹೇಗೆ ಕದಲಿಸುವುದೆಂದು ಹಳೆಯ ಕ್ರಮದಲ್ಲಿ ಹುಡುಕಿದರೆ 576 ಸಂಖ್ಯೆಗಳು ಬೇಕು. ಗುಣಗಳಿಂದ ಹೋದರೆ ಬೆಲೆ, ಆಕಾರ, ಬಣ್ಣ, ಶುದ್ಧಿಗಳ ತೂಕಗಳಾದ ಕೆಲವೇ ಸಂಖ್ಯೆಗಳು ಸಾಕು.

6. ಎರಡು ದೋಷಗಳೂ ಅವುಗಳ ಪರಿಹಾರವೂ

ಈ ಗಣನೆಯನ್ನು ಸರಳರೂಪದಲ್ಲಿ ಹಿಡಿದರೆ ಒಂದು ದೋಷವು ಬರುವುದು. ಕಲ್ಪಿತವಾದ ಉದಾಹರಣೆಯೊಂದನ್ನು ಕೊಡುವೆನು. ಒಂದು ಊರಿನ ನೂರು ಮನೆಗಳಲ್ಲಿ 60 ಸಕ್ಕರೆಯನ್ನೂ 40 ಅಚ್ಚು ಬೆಲ್ಲವನ್ನೂ ಕೊಳ್ಳುವುವೆನ್ನೋಣ. ಅದೇ ಕೊಪ್ಪರಿಗೆಯ ಬೆಲ್ಲವನ್ನು ಉಂಡೆಕಟ್ಟಿ ಅದೇ ಬೆಲೆಗೆ ತಂದಿಟ್ಟರು. ಸರಳಗಣನೆಯು 60, 40, 40 ಎಂಬ ಪ್ರಮಾಣವನ್ನು ಹಿಡಿದು, ಸಕ್ಕರೆಯ ಮನೆಗಳು ಸುಮಾರು 43ಕ್ಕೆ ಇಳಿದುವೆಂದು ಹೇಳುವುದು. ಇದು ಲೋಕವಿರುದ್ಧ. ಉಂಡೆಯು ಬಂದರೆ ಅಚ್ಚಿನ ಗಿರಾಕಿಗಳು ಒಡೆದುಹೋಗಿ ಇಪ್ಪತ್ತು ಇಪ್ಪತ್ತಾಗುವರೇ ಹೊರತು ಸಕ್ಕರೆಯ ಹದಿನೇಳು ಮನೆಗಳು ಬೆಲ್ಲಕ್ಕೆ ತಿರುಗುವುದಿಲ್ಲ. ಪಾಶ್ಚಾತ್ಯರು ಇದನ್ನೇ ಕೆಂಪು ಬಸ್ಸು ನೀಲಿ ಬಸ್ಸುಗಳ ದೃಷ್ಟಾಂತದಿಂದ ಹೇಳುವರು. ಸದೃಶವು ಸದೃಶವನ್ನೇ ಮೊದಲು ಕದಲಿಸುವುದೆಂಬುದು ಇದರ ತಾತ್ಪರ್ಯ.

ಪರಿಹಾರವೇನೆಂದರೆ, ಎಲ್ಲರ ಅಭಿರುಚಿಯೂ ಒಂದೆಂದು ಹಿಡಿಯದೆ, ಮನೆಮನೆಗೂ ಗುಣಗಳ ತೂಕವು ಬೇರೆಯೆಂದು ಒಪ್ಪುವುದು. ನಮ್ಮ ಶಾಸ್ತ್ರಗಳಲ್ಲಿ ವ್ಯವಸ್ಥಿತವಿಕಲ್ಪವೆಂಬುದೊಂದುಂಟು. ಆಯ್ಕೆಯಿರುವುದು ನಿಜ, ಆದರೆ ಅದು ಅಧಿಕಾರಿಭೇದದಿಂದ ನಿಯತವಾಗಿರುವುದು. ಈ ಶಾಖೆಯವರಿಗೆ ಇದು, ಆ ಶಾಖೆಯವರಿಗೆ ಅದು. ಹಾಗೆಯೇ ಬಿಳುಪನ್ನು ಬಯಸುವ ಮನೆಗೆ ಸಕ್ಕರೆಯೂ ಬಿಳಿಚಿದ ಬಕೆಟ್ ಬೆಲ್ಲವೂ ಹತ್ತಿರದ ವಿಕಲ್ಪಗಳು. ಕಂಪನ್ನೂ ಸಂಪ್ರದಾಯವನ್ನೂ ಬಯಸುವ ಮನೆಗೆ ಕಂದು ಅಚ್ಚೂ ಉಂಡೆಯೂ ಹತ್ತಿರದುವು. 1995ರಲ್ಲಿ ಬೆರ್ರಿ, ಲೆವಿನ್‌ಸನ್, ಪೇಕ್ಸ್ ಎಂಬ ಮೂವರು ಅಮೆರಿಕದ ಮೋಟಾರುಗಾಡಿಗಳ ಇಪ್ಪತ್ತು ವರ್ಷಗಳ ಮಾರಾಟವನ್ನು ಹೀಗೆಯೇ ಎಣಿಸಿದರು. ಅವರಿಗೆ ಒಬ್ಬೊಬ್ಬ ಕೊಳ್ಳುವವನ ವಿವರವೂ ಬೇಕಾಗಲಿಲ್ಲ. ಒಂದೊಂದು ಮಾದರಿಯ ಮಾರಾಟದ ಪಾಲು, ಬೆಲೆ, ಗುಣಗಳು, ಇವಿಷ್ಟೇ ಸಾಕಾದುವು. ಏನನ್ನೂ ಕೊಳ್ಳದೆ ಹಿಂದಿರುಗುವುದನ್ನೂ ಒಂದು ವಿಕಲ್ಪವಾಗಿ ಅವರು ಎಣಿಸಿದರೆಂಬುದು ಗಮನಾರ್ಹ.

ಎರಡನೆಯ ದೋಷವು ಇನ್ನೂ ಸೂಕ್ಷ್ಮವಾದುದು. ಬೆಲೆ ಹೆಚ್ಚಾದ ಬೆಲ್ಲವು ಹೆಚ್ಚಾಗಿ ಮಾರಾಟವಾದುದನ್ನು ಕಂಡು, ಜನರು ಬೆಲೆಯನ್ನು ಲಕ್ಷಿಸುವುದಿಲ್ಲವೆಂದು ಒಬ್ಬನು ಅನುಮಾನಿಸಬಹುದು. ಈ ಹೇತುವು ಸೋಪಾಧಿಕ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂಬ ಅನುಮಾನದಲ್ಲಿ ಹಸಿಯ ಸೌದೆಯು ಉಪಾಧಿಯೆಂದು ನೈಯಾಯಿಕರು ಹೇಳುವರಷ್ಟೆ. ಇಲ್ಲಿ ಉಪಾಧಿಯು ಲೆಕ್ಕದ ಪುಸ್ತಕಕ್ಕೆ ಬಾರದ ಗುಣ. ಹದ ತಪ್ಪದ ಪಾಕ, ಉಪ್ಪುನೀರಿಲ್ಲದ ಗದ್ದೆಯ ಕಬ್ಬು, ಗೊತ್ತಾದ ಆಲೆಮನೆಯ ಹೆಸರು, ಇವು ಬೆಲೆಯನ್ನೂ ಏರಿಸುವುವು, ಗಿರಾಕಿಗಳನ್ನೂ ಕರೆಯುವುವು. ಬರೆದಿಡುವವನು ಬೆಲೆಯನ್ನು ಮಾತ್ರ ಬರೆದಿಡುವನು.

ಉಪಾಧಿಯನ್ನು ಕಳೆಯಬೇಕಾದರೆ ಬೆಲೆಯನ್ನು ಕದಲಿಸಿಯೂ ಕೊಳ್ಳುವವನ ಅಭಿರುಚಿಯನ್ನು ಕದಲಿಸದ ಹೊರಗಿನ ನಿಮಿತ್ತವೊಂದು ಬೇಕು. ನಮ್ಮ ಸೀಮೆಯಲ್ಲಿ ಅಂಥ ನಿಮಿತ್ತವು ಕಾವೇರಿಯೇ. ಮಳೆ ತಪ್ಪಿ ಕಟ್ಟೆ ತುಂಬದ ವರ್ಷಗಳಲ್ಲಿ, 2016ರಲ್ಲಿಯೂ 2023ರಲ್ಲಿಯೂ ಆದಂತೆ, ನಾಲೆಯ ನೀರು ಕಡಿಮೆಯಾಗಿ ಕಬ್ಬು ಬಾಡುವುದು. ಬೆಲ್ಲವನ್ನು ಮಾಡುವ ವೆಚ್ಚವು ಏರುವುದು. ದೂರದ ಊರಿನ ಗಿರಾಕಿಯ ನಾಲಗೆಗೆ ಕಾವೇರಿಯ ಸುದ್ದಿ ತಿಳಿಯದು. ಅವನು ಬೆಲೆಗೆ ಮಾತ್ರ ಉತ್ತರ ಕೊಡುವನು. ಆದರೆ ಇಲ್ಲಿಯೂ ಎಚ್ಚರಿಕೆ ಬೇಕು. ಮಂಡ್ಯ ಮದ್ದೂರುಗಳಲ್ಲಿಯೇ ಕೊಳ್ಳುವ ರೈತನ ಕೈಯ ಹಣವೂ ಅದೇ ನೀರಿನೊಡನೆ ಬತ್ತುವುದರಿಂದ, ಊರೊಳಗಿನ ಬೇಡಿಕೆಗೆ ಈ ನಿಮಿತ್ತವು ಸಲ್ಲದು. ದೂರಕ್ಕೆ ಸದ್ಧೇತುವಾದುದು ಸಮೀಪಕ್ಕೆ ಹೇತ್ವಾಭಾಸವಾಗುವುದು.

7. ಲೆಕ್ಕಗಳ ಸ್ಥಿತಿಯೂ ಅದರ ಫಲವೂ

1950ರಲ್ಲಿ ಮಹಾಲನೋಬಿಸರು ಆರಂಭಿಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಮನೆಮನೆಯ ಬಳಕೆಯನ್ನು ಬರೆದಿಡುವ ಮಹತ್ಕಾರ್ಯವನ್ನು ಮಾಡಿದೆ. ಅದರ ಪಟ್ಟಿಯಲ್ಲಿ ಸಕ್ಕರೆಗೆ ಪಡಿತರದ್ದು, ಹೊರಗಿನದು ಎಂದು ಎರಡು ಸಾಲುಗಳು, ಕಲ್ಲುಸಕ್ಕರೆಗೆ ಒಂದು, ಬೆಲ್ಲಕ್ಕೆ ಒಂದೇ ಒಂದು. ಸರ್ಕಾರವು ಕಾರ್ಖಾನೆಗಳಿಂದ ನಿಗದಿಯ ಬೆಲೆಗೆ ಸಕ್ಕರೆಯನ್ನು ಪಡೆದು ಹಂಚುತ್ತಿದ್ದ ಲೆವಿ ಪದ್ಧತಿಯು 2013ರಲ್ಲಿ ನಿಂತಿತು. ಅದು ನಡೆಯುತ್ತಿದ್ದಷ್ಟು ಕಾಲ ಒಂದೇ ಸಕ್ಕರೆಯು ಎರಡು ಬೆಲೆಗಳಿಂದ ಎರಡು ವಿಕಲ್ಪಗಳಾಗಿದ್ದುದನ್ನು ಲೆಕ್ಕಿಗರು ಸರಿಯಾಗಿ ಗುರುತಿಸಿದರು. ಹೆಸರಿನಿಂದಲೂ ಗುಣದಿಂದಲೂ ಬೆಲೆಯಿಂದಲೂ ಬೇರೆಬೇರೆಯಾದ ಬೆಲ್ಲಗಳು ಮಾತ್ರ ಒಂದೇ ಸಾಲಿನಲ್ಲಿ ಕರಗಿಹೋದುವು.

ಇದರ ಫಲವು ಪುಸ್ತಕದಲ್ಲಿಯೇ ನಿಲ್ಲುವುದಿಲ್ಲ. ಜನರಿಗೆ ಬಿಳುಪೇ ಬೇಕೆಂದು ಮಾರುವವರು ಹೇಳುವರು. ಆದುದರಿಂದ ಹೈಡ್ರೋಸ್ ಹಾಕುವರು, ಕೆಲವರು ಅಗ್ಗದ ಸಕ್ಕರೆಯನ್ನೂ ಬೆರೆಸುವರು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ಕಿಲೋಗ್ರಾಮಿಗೆ 70 ಮಿಲಿಗ್ರಾಮನ್ನು ಮೀರಕೂಡದೆಂದು ಆಹಾರದ ಕಾನೂನು ಹೇಳುವುದು. ಕಾನೂನು ಮೀರಿದವರನ್ನು ಹಿಡಿಯುವುದು ಅಧಿಕಾರಿಗಳ ಕೆಲಸ. ಆದರೆ ಬಿಳುಪನ್ನು ನಿಜವಾಗಿ ಎಷ್ಟು ಮಂದಿ ಬಯಸುವರು, ಕಂದು ಬೆಲ್ಲವು ಶುದ್ಧವೆಂದು ತಿಳಿದರೆ ಎಷ್ಟು ಮಂದಿ ಅದಕ್ಕೆ ಹೆಚ್ಚು ಬೆಲೆ ಕೊಡುವರು ಎಂಬುದನ್ನು ತಿಳಿಯದೆ ಆಲೆಮನೆಯವನಿಗೆ ಬುದ್ಧಿ ಹೇಳುವುದು ವ್ಯರ್ಥ. ಒಂದೇ ಸಾಲಿನ ಲೆಕ್ಕದಿಂದ ಈ ಪ್ರಶ್ನೆಗೆ ಉತ್ತರ ಬರಲಾರದು. ಬಣ್ಣದ ತೂಕವನ್ನೂ ಶುದ್ಧಿಯ ತೂಕವನ್ನೂ ಬೇರ್ಪಡಿಸುವ ವಿಕಲ್ಪಗಣನೆಯಿಂದ ಮಾತ್ರ ಬರಬಲ್ಲುದು. ಶುದ್ಧವಾದ ಬೆಲ್ಲವನ್ನು ಮಾಡುವವನು ಸಂತೆಯಲ್ಲಿ ಸೋಲುವುದು ಗಿರಾಕಿಯ ದೋಷದಿಂದಲೋ, ಗುಣವು ಕಣ್ಣಿಗೆ ಕಾಣದಿರುವುದರಿಂದಲೋ ಎಂಬುದು ಅವನ ಜೀವನದ ಪ್ರಶ್ನೆ.

8. ಸಿದ್ಧಾಂತ

ಇದುವರೆಗೆ ಹೇಳಿದುದರಿಂದ ಸಿದ್ಧವಾಗುವುದಿಷ್ಟು. ಮಂಡ್ಯ ಸೀಮೆಯಲ್ಲಿ ಸಕ್ಕರೆಯು ಬೆಲ್ಲವನ್ನು ಗೆಲ್ಲಲಿಲ್ಲ. ಬೆಲ್ಲವು ಸಕ್ಕರೆಯನ್ನು ತಡೆಯಲೂ ಇಲ್ಲ. ಅವು ಬಡವರದು, ಸಿರಿವಂತರದು ಎಂಬ ಒಂದೇ ಏಣಿಯ ಮೆಟ್ಟಿಲುಗಳಲ್ಲ, ಭಿನ್ನಗುಣಗಳ ವಿಕಲ್ಪಗಳು. ಪ್ರಯೋಗಭೇದದಿಂದಲೂ ಅಭಿರುಚಿಭೇದದಿಂದಲೂ ಅವುಗಳ ಗಿರಾಕಿಗಳು ನಿಯತರಾಗಿರುವುದರಿಂದ, ಒಂದು ಬಂದಾಗ ಕದಲಿದುದು ಅದಕ್ಕೆ ಸದೃಶವಾದುದು ಮಾತ್ರ. ಆಲೆಮನೆಯು ಉಳಿದುದಕ್ಕೆ ಇದೇ ಮುಖ್ಯಕಾರಣವೆಂದು ನನಗೆ ತೋರುತ್ತದೆ.

ಸಾಹಿತ್ಯವನ್ನು ಬೋಧಿಸುವವರಿಗೆ ಈ ವಿಚಾರದಲ್ಲಿ ಮಾಡತಕ್ಕ ಕೆಲಸವೊಂದುಂಟು. ಸಂತೆಯಲ್ಲಿ ಒಂದು ಪದಾರ್ಥಕ್ಕೆ ಬೇರೆ ಹೆಸರಿದೆಯೆಂದರೆ, ಅದನ್ನು ಬೇರೆಯೆಂದು ಗುರುತಿಸಿ ಬೇರೆ ಬೆಲೆ ಕೊಟ್ಟವನೊಬ್ಬನು ಇದ್ದನೆಂದೇ ಅರ್ಥ. ಹೆಸರು ವಿಕಲ್ಪದ ಸಾಕ್ಷಿ. ಪಟ್ಟಾಪಟ್ಟಿ, ರಸದಾಳಿ ಎಂಬ ಹೆಸರುಗಳು ಬುಕಾನನನ ಪುಸ್ತಕದಲ್ಲಿ ಉಳಿದುದರಿಂದಲೇ ಎರಡು ಶತಮಾನಗಳ ಹಿಂದಿನ ಆಯ್ಕೆಯನ್ನು ನಾವು ಇಂದು ಊಹಿಸಬಲ್ಲೆವು. ಕಡತಗಳಲ್ಲಿಯೂ ಅಂಗಡಿಯ ಲೆಕ್ಕಗಳಲ್ಲಿಯೂ ಮುದುಕಿಯರ ಬಾಯಲ್ಲಿಯೂ ಇರುವ ಬೆಲ್ಲದ ಹೆಸರುಗಳನ್ನೂ, ಆ ಹೆಸರಿಗೆ ಕಾರಣವಾದ ಗುಣವನ್ನೂ, ದೊರೆತರೆ ಬೆಲೆಯನ್ನೂ ತಾಲ್ಲೂಕುವಾರಾಗಿ ಸಂಗ್ರಹಿಸಿದರೆ ನಿಘಂಟುಕಾರನಿಗೆ ಎಷ್ಟು ಉಪಕಾರವೋ ಅರ್ಥಶಾಸ್ತ್ರಜ್ಞನಿಗೂ ಅಷ್ಟೇ ಉಪಕಾರವಾಗುವುದು. ಮಳವಳ್ಳಿ, ಮದ್ದೂರುಗಳಿಂದ ಈ ಕೆಲಸವನ್ನು ಆರಂಭಿಸಬಹುದು.